ಚಿಕ್ಕ ಕ್ಯಾಮರಾದ ಸಹವಾಸ

ಊರವರ ಮದುವೆಗೆಲ್ಲ ಹೋಳಿಗೆ ತಟ್ಟುವ ಅಡುಗೆಯ ಭಟ್ಟರು ತಮ್ಮ ಮನೆಯಲ್ಲಿ ಮೊಸರನ್ನ ಉಂಡು ಮಲಗುವುದನ್ನು ವಾಚಕರು ಕಂಡಿರಬಹುದು. ಛಾಯಾಗ್ರಾಹಕನ ಮನೆಯ ಸಂಗತಿಯೂ ಹೆಚ್ಚು ಕಡಮೆ ಹಾಗೆಯೇ. ಮೈಸೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡು ೨೬ ವರ್ಷಗಳಿಂದ ಮದುವೆ, ಮುಂಜಿ, ನಾಮಕರಣಗಳ ಪಟ ತೆಗೆಯುತ್ತಿರುವ ನನ್ನ ಮನೆಯಲ್ಲಿ, ನಮ್ಮವರ ಪಟಗಳನ್ನು ಎಣಿಸಲು ಎರಡು ಕೈಯ ಬೆರಳುಗಳೇ ಹೆಚ್ಚಾಗುತ್ತಿದ್ದವು.

ಈ ಗುಟ್ಟು ರಟ್ಟಾದದ್ದು ಮಗಳು ಸುರತ್ಕಲ್ಲಿಗೆ ಓದಲು ಹೊರಟಾಗ. ಪೆಟ್ಟಿಗೆ ಜೋಡಿಸುತ್ತಿದ್ದವಳು, “ಅಪ್ಪಾ, ಹಾಸ್ಟೆಲಿನ ಗೋಡೆಗೆ ಅಂಟಿಸಿಕೊಳ್ಳಲು ನಮ್ಮ ಮನೆಯದೊಂದು ಪಟ ಕೊಡು” ಎಂದಳು. ಅದಕ್ಕೇನು ಬರಗಾಲವೆಂದು ಕಂಪ್ಯೂಟರಿನ ಮುಂದೆ ಕುಳಿತೆ. ಯಾರು ಯಾರದೋ ಸೋದರಮಾವಂದಿರು, ಯಾರದೋ ಬೀಗಿತ್ತಿಯರು ಸಾಲುಸಾಲಾಗಿ ಬಂದರು. ನಮ್ಮ ಮನೆಯದೆಂದು ಸಿಕ್ಕಿದ್ದು ಒಂದು ದೀಪಾವಳಿಯಂದು ಮೂರು ದೀಪಗಳನ್ನು ನಿಲ್ಲಿಸಿ, ಹಿಂದೆ ಪರದೆ ಕಟ್ಟಿ, ಎಲ್ಲರನ್ನೂ ಕೂರಿಸಿ ತೆಗೆದ ಚಿತ್ರ. ಬೆಳಕಿನಲ್ಲಿ, ಬಣ್ಣದಲ್ಲಿ ಹೆಸರಿಡುವಂತಿರಲಿಲ್ಲ. ಮಗಳು ಅದನ್ನು ನೋಡಿ, “ಇದರಲ್ಲಿ ಅಜ್ಜಿ ನಮ್ಮ ಅಜ್ಜಿಯ ಹಾಗೇ ಇಲ್ಲ. ನೀನಂತೂ ಇಲ್ಲವೇ ಇಲ್ಲ” ಎಂದು ಹಿಂದಕ್ಕೆ ಕೊಟ್ಟಳು, ಪಟವಿಲ್ಲದೆಯೇ ಬಸ್ಸು ಹತ್ತಿದಳು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ನನ್ನ ದೊಡ್ಡ ಕ್ಯಾಮರಾಗೆ ನಾನು ಋಣಿ; ಮಗಳ ಓದಿನ ಶುಲ್ಕವನ್ನು ಕಟ್ಟುತ್ತಿರುವುದೂ ಅದೇ. ಕ್ಯಾನನ್ ಕಂಪನಿಯ ೫ಡಿ ಮಾರ್ಕ್ ೩ ಎಂಬುದು ಅದರ ನಾಮಧೇಯ. ಬ್ಯಾಟರಿ ಸಹಿತ ೯೫೦ ಗ್ರಾಮು. ಅದಕ್ಕೆ ನಾನು ಹಾಕುವ ೭೦-೨೦೦ ಲೆನ್ಸೊಂದೇ ಸುಮಾರು ಒಂದೂವರೆ ಕಿಲೋ. ಕೊರಳಿಗೆ ಹಾಕಿಕೊಂಡರೆ ಸಂಜೆಯ ಹೊತ್ತಿಗೆ ಕುತ್ತಿಗೆ ತಾನಿರುವ ಸ್ಥಳವನ್ನು ತಾನೇ ತಿಳಿಸುತ್ತದೆ. ಮನೆಯಲ್ಲಿ ಅದನ್ನು ಹೊರತೆಗೆದರೆ ನಮ್ಮ ತಾಯಿಯವರು ಸೀರೆ ಬದಲಿಸಲು ಒಳಗೆ ಹೋಗುತ್ತಾರೆ. ನಮ್ಮಾಕೆ ಒಲೆ ಆರಿಸಿ ಹಣೆಯ ಬೆವರು ಒರೆಸಿಕೊಂಡು ನಿಲ್ಲುತ್ತಾಳೆ. ತೆಗೆಯಬೇಕೆಂದುಕೊಂಡದ್ದು ಅಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ಅವರನ್ನು ಅನ್ನುವುದೇಕೆ? ಅದನ್ನು ಕಣ್ಣಿಗೆ ಹಿಡಿದೊಡನೆ ನನಗೂ ಗಿರಾಕಿಯ ಮುಖವೇ ನೆನಪಾಗುತ್ತದೆ. ಭಾನುವಾರ ಬೆಳಿಗ್ಗೆ ಕಚೇರಿಯ ಕಡತ ಬಿಚ್ಚಿದಂತೆ.

ಹೀಗಿರುವಾಗ ಪರಿಚಯದ ಅಂಗಡಿಯೊಂದರಲ್ಲಿ ಯಾರೋ ಮಾರಿಹೋಗಿದ್ದ ಪುಟ್ಟ ಕ್ಯಾಮರಾ ಕಣ್ಣಿಗೆ ಬಿತ್ತು. ಒಲಿಂಪಸ್ ಪೆನ್ ಇ-ಪಿಎಂ೧; ೨೦೧೧ರಲ್ಲಿ ಬಂದದ್ದು. ಬ್ಯಾಟರಿ ಸೇರಿ ೨೬೫ ಗ್ರಾಮು. ಜೊತೆಗೆ ಬಿಸ್ಕತ್ತಿನಷ್ಟು ತೆಳ್ಳಗಿನ ೧೭ ಮಿಲಿಮೀಟರಿನ ಲೆನ್ಸು, ೭೧ ಗ್ರಾಮು. ಮದುವೆಯ ಆಲ್ಬಮ್ಮಿನ ಹೊದಿಕೆಗೆ ಗಿರಾಕಿಗಳು ತೆರುವ ಹಣಕ್ಕಿಂತಲೂ ಕಡಮೆ ಬೆಲೆಗೆ ಎರಡೂ ಬಂದವು. ಜುಬ್ಬದ ಜೇಬಿನಲ್ಲಿ ಹಾಕಿಕೊಂಡು ಮನೆಗೆ ಬಂದೆ.

ಇದನ್ನು ಕನ್ನಡಿಯಿಲ್ಲದ ಕ್ಯಾಮರಾ, ಮಿರರ್‌ಲೆಸ್, ಎನ್ನುತ್ತಾರೆ. ನನ್ನ ದೊಡ್ಡ ಕ್ಯಾಮರಾದಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿಯುಂಟು. ಅದು ಒಳಬಂದ ಬೆಳಕನ್ನು ಮೇಲಿನ ಗಾಜಿನ ಪಟ್ಟಕಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ಮುಟ್ಟಿಸುತ್ತದೆ. ಗುಂಡಿ ಒತ್ತಿದಾಗ ಮೇಲಕ್ಕೆ ಹಾರಿ ಸೆನ್ಸರಿಗೆ ದಾರಿ ಬಿಡುತ್ತದೆ. ಆ ಕನ್ನಡಿಯ ಹಾರಾಟಕ್ಕೆ ಜಾಗ ಬೇಕಷ್ಟೆ? ಅದಕ್ಕಾಗಿ ಲೆನ್ಸು ಕೂರುವ ಬಳೆಗೂ ಸೆನ್ಸರಿಗೂ ನಡುವೆ ೪೪ ಮಿಲಿಮೀಟರು ಅಂತರ. ಒಲಿಂಪಸ್ ಮತ್ತು ಪ್ಯಾನಸೋನಿಕ್ ಕಂಪನಿಗಳು ೨೦೦೮ರಲ್ಲಿ ಒಟ್ಟಾಗಿ ಗೊತ್ತುಮಾಡಿದ ಹೊಸ ಪದ್ಧತಿಯಲ್ಲಿ ಕನ್ನಡಿಯನ್ನೇ ಕಿತ್ತುಹಾಕಿ, ಆ ಅಂತರವನ್ನು ೨೦ ಮಿಲಿಮೀಟರಿಗೂ ತುಸು ಕಡಮೆಗೆ ಇಳಿಸಿದರು. ಸೆನ್ಸರಿಗೆ ಬಿದ್ದ ಬಿಂಬವನ್ನೇ ಹಿಂಬದಿಯ ಪರದೆಯಲ್ಲಿ ನೋಡಿಕೊಳ್ಳುವುದು. ಸೆನ್ಸರೂ ಚಿಕ್ಕದು, ದೊಡ್ಡಣ್ಣನದು ೩೬ಕ್ಕೆ ೨೪ ಮಿಲಿಮೀಟರಾದರೆ ಇದರದು ೧೭.೩ಕ್ಕೆ ೧೩, ಎಂದರೆ ಕ್ಷೇತ್ರದಲ್ಲಿ ಕಾಲುಭಾಗದಷ್ಟು. ವೃತ್ತಿಯವರಿಗಾಗಿ ಬರುವ ಹೊಸ ಕ್ಯಾಮರಾಗಳೂ ಈಗ ಕನ್ನಡಿಯನ್ನು ಬಿಟ್ಟಿವೆಯೆಂಬುದು ಬೇರೆ ಮಾತು. ಅವು ಕನ್ನಡಿ ಬಿಟ್ಟವೇ ಹೊರತು ಬೆಲೆಯನ್ನು ಬಿಟ್ಟಿಲ್ಲ.

‘ಪೆನ್’ ಎಂಬ ಹೆಸರಿನ ಹಿಂದೆ ಒಂದು ಸೊಗಸಾದ ಕಥೆಯಿದೆ. ಯೊಶಿಹಿಸ ಮೈತಾನಿ ಎಂಬ ಜಪಾನೀ ತರುಣ ಒಲಿಂಪಸ್ ಕಂಪನಿಗೆ ಕೆಲಸಕ್ಕೆ ಸೇರಿದ್ದು ೧೯೫೬ರಲ್ಲಿ. ತನ್ನ ಬಳಿ ಬೆಲೆಬಾಳುವ ಜರ್ಮನಿಯ ಲೈಕಾ ಕ್ಯಾಮರಾ ಇತ್ತು. ಆದರೆ ಕಂಪನಿಯಲ್ಲಿ ಆತ ಹಟ ತೊಟ್ಟದ್ದು ೬,೦೦೦ ಯೆನ್ನಿಗೆ ಮಾರಬಹುದಾದ ಕ್ಯಾಮರಾ ಮಾಡಬೇಕೆಂದು. ಲೈಕಾ ಇರುವವನು ಜೊತೆಯಲ್ಲಿ ಇಟ್ಟುಕೊಂಡರೆ ನಾಚಿಕೆಪಡದಂತಿರಬೇಕೆಂಬುದು ಆತನ ಆಸೆ. ಆದುದರಿಂದ ಲೆನ್ಸಿನಲ್ಲಿ ಜಿಪುಣತನ ತೋರಲಿಲ್ಲ. ಉಳಿತಾಯವನ್ನೆಲ್ಲ ಮಿಕ್ಕ ಭಾಗಗಳಲ್ಲಿ ಮಾಡಿದ. ೧೯೫೯ರಲ್ಲಿ ಹೊರಬಂದ ಆ ಕ್ಯಾಮರಾ ಒಂದು ಚಿತ್ರದ ಜಾಗದಲ್ಲಿ ಎರಡನ್ನು ತೆಗೆಯುತ್ತಿತ್ತು. ೩೬ರ ಸುರುಳಿಯಲ್ಲಿ ೭೨ ಚಿತ್ರ. ಲೇಖನಿಯಂತೆ ಎಲ್ಲಿಗಾದರೂ ಒಯ್ಯಬಹುದೆಂದು ಪೆನ್ ಎಂಬ ಹೆಸರು. ಸರಿಯಾಗಿ ೫೦ ವರ್ಷಗಳ ಮೇಲೆ, ೨೦೦೯ರಲ್ಲಿ, ಕಂಪನಿಯು ತನ್ನ ಮೊದಲ ಕನ್ನಡಿಯಿಲ್ಲದ ಕ್ಯಾಮರಾಗೆ ಅದೇ ಹೆಸರನ್ನಿಟ್ಟಿತು. ಮೈತಾನಿ ತೀರಿಕೊಂಡದ್ದೂ ಆ ವರ್ಷವೇ. ದೊಡ್ಡದರ ಪಕ್ಕದಲ್ಲಿ ಚಿಕ್ಕದೊಂದು ಬೇಕೆಂದು ದೊಡ್ಡದನ್ನು ಉಳ್ಳವನಿಗೇ ಅನ್ನಿಸಿದ್ದು ನನಗೆ ಬಹಳ ಸಮಾಧಾನ ಕೊಟ್ಟಿತು.

ಹಾಗೆಂದು ಇದನ್ನು ಹೊಗಳಿ ಅಟ್ಟಕ್ಕೇರಿಸುವವನಲ್ಲ. ಮಬ್ಬು ಬೆಳಕಿನಲ್ಲಿ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಳುಕಾಳಾಗುತ್ತದೆ. ಓಡುವ ಮಗುವಿನ ಹಿಂದೆ ಇದರ ದೃಷ್ಟಿ ಓಡಲಾರದು. ಕಣ್ಣಿಟ್ಟು ನೋಡುವ ಕಿಂಡಿ ಇದರಲ್ಲಿ ಇಲ್ಲವಾಗಿ, ನಡುಹಗಲ ಬಿಸಿಲಿನಲ್ಲಿ ಪರದೆಯ ಮೇಲೆ ಕಾಣುವುದು ನನ್ನ ಮುಖವೇ. ಮಾಂಗಲ್ಯಧಾರಣೆಯ ಮುಹೂರ್ತದಲ್ಲಿ ಇದನ್ನು ನಂಬಿ ನಿಂತರೆ ನನ್ನ ಅಂಗಡಿಗೆ ನಾನೇ ಬೀಗ ಹಾಕಿದಂತೆ. ಒಮ್ಮೆ ಛತ್ರವೊಂದರಲ್ಲಿ ಊಟದ ಪಂಕ್ತಿಯ ಕಡೆ ಇದನ್ನು ಹಿಡಿದುಕೊಂಡು ಹೋದಾಗ, ಹುಡುಗಿಯ ಚಿಕ್ಕಪ್ಪನವರು ತಡೆದು, “ಏನು ಸ್ವಾಮಿ, ದೊಡ್ಡ ಕ್ಯಾಮರಾಗೆ ದುಡ್ಡು ಕೊಟ್ಟು ಆಟದ ಸಾಮಾನು ತಂದಿದ್ದೀರಾ?” ಎಂದರು. ಅಂದಿನಿಂದ ದೊಡ್ಡದನ್ನು ಹೆಗಲಿಗೆ ತೂಗುಹಾಕಿಕೊಂಡು, ಅದರ ಮರೆಯಲ್ಲಿ ಇದನ್ನು ಬಳಸುತ್ತೇನೆ. ಚಿಕ್ಕಪ್ಪಂದಿರಿಗೂ ತೃಪ್ತಿಯಾಗಬೇಕಲ್ಲವೆ?

ಎಲ್ಲರ ಕೈಯಲ್ಲೂ ಫೋನಿರುವಾಗ ಇದೇಕೆ ಎಂದು ನೀವು ಕೇಳುವಿರಿ. ನಮ್ಮಾಕೆಯೂ ಅದನ್ನೇ ಕೇಳಿದಳು. ಫೋನಿನ ಚಿತ್ರ ಚೆನ್ನಾಗಿಯೇ ಬರುತ್ತದೆ. ಆದರೆ ನನ್ನ ಫೋನು ಹೊರಬಂದೊಡನೆ ಆಲ್ಬಮ್ ಯಾವಾಗ ಕೊಡುತ್ತೀರೆಂದು ಕೇಳುವವರು ಅದರೊಳಗಿನಿಂದ ಕೂಗತೊಡಗುತ್ತಾರೆ. ಈ ಪುಟ್ಟದು ಯಾರನ್ನೂ ಮಾತಾಡಿಸದು. ಬೆಳಿಗ್ಗೆ ದೇವರಾಜ ಮಾರುಕಟ್ಟೆಗೆ ತರಕಾರಿಗೆ ಹೋದಾಗ, ಕುಂಕುಮದ ರಾಶಿಯ ಮೇಲೆ ಬಿದ್ದ ಬಿಸಿಲಿನ ಪಟ್ಟಿಯನ್ನು, ಮಾರು ಹೂವನ್ನು ಮೊಳದಿಂದಳೆಯುವ ಕೈಯನ್ನು ತೆಗೆಯುತ್ತೇನೆ. ಹೂವಿನವಳು ತಲೆಯೆತ್ತಿಯೂ ನೋಡುವುದಿಲ್ಲ. ಚೆನ್ನಾಗಿ ಬರದಿದ್ದರೆ ಹಣ ಹಿಂದಕ್ಕೆ ಕೇಳುವವರಿಲ್ಲ. ಹದಿನಾರರ ವಯಸ್ಸಿನಲ್ಲಿ ಎರವಲು ಕ್ಯಾಮರಾ ಹಿಡಿದು, ಸುರುಳಿಯಲ್ಲಿ ಇನ್ನೆಷ್ಟು ಉಳಿದಿದೆಯೆಂದು ಲೆಕ್ಕಹಾಕುತ್ತ ಕುಕ್ಕರಹಳ್ಳಿ ಕೆರೆಯನ್ನು ಸುತ್ತುತ್ತಿದ್ದ ಹುಡುಗ ಇಷ್ಟು ದಿನ ಎಲ್ಲಿಗೆ ಹೋಗಿದ್ದನೋ!

ಡಿಸೆಂಬರಿನ ರಜೆಗೆ ಮಗಳು ಬಂದಳು. ಅವರೆಕಾಯಿಯ ಕಾಲ. ನಡುಮನೆಯಲ್ಲಿ ತಾಯಿಯವರೂ ನಾನೂ ಮೊರವೊಂದನ್ನು ನಡುವೆ ಇಟ್ಟುಕೊಂಡು ಕಾಯಿ ಬಿಡಿಸುತ್ತಿದ್ದೆವು. ದೊಡ್ಡ ಕ್ಯಾಮರಾವನ್ನು ನಾನು ಈವರೆಗೆ ಯಾರ ಕೈಗೂ ಕೊಟ್ಟವನಲ್ಲ; ಇದಕ್ಕೆ ಆ ಮಡಿಯಿಲ್ಲ. ಮೇಜಿನ ಮೇಲಿದ್ದುದನ್ನು ಮಗಳು ಕೈಗೆತ್ತಿಕೊಂಡಳು. ತಾಯಿಯವರು ಒಮ್ಮೆ ನೋಡಿ, “ಅದರಲ್ಲಿ ರೀಲು ಇದೆಯೇನೇ?” ಎಂದು ಕೇಳಿ, ಉತ್ತರಕ್ಕೆ ಕಾಯದೆ, ಹುಳುಕು ಕಾಳನ್ನು ಮೊರಕ್ಕೆ ಹಾಕಿದೆನೆಂದು ನನ್ನನ್ನು ಗದರಿಸತೊಡಗಿದರು. ಟಿಕ್ ಎಂದಿತು.

ಚಿತ್ರದಲ್ಲಿ ತಾಯಿಯವರ ಕೈ ಮೇಲೆದ್ದಿದೆ. ಐವತ್ತು ದಾಟಿದ ನಾನು ಪೆಟ್ಟು ತಿನ್ನಲಿರುವ ಹುಡುಗನಂತೆ ತಲೆ ತಗ್ಗಿಸಿ ನಗುತ್ತಿದ್ದೇನೆ. ಬೆಳಕು ಸಾಲದು, ಗೋಡೆಯ ತುಂಬ ಕಾಳು, ಮೂಲೆಯಲ್ಲಿ ಅಡುಗೆಮನೆಯ ಬಾಗಿಲಿನಾಚೆ ಗ್ಯಾಸಿನ ಸಿಲಿಂಡರು, ಅದರ ಮೇಲೊಂದು ಮಸಿಬಟ್ಟೆ. ವೃತ್ತಿಧರ್ಮ ಬಿಡಲಾರದೆ, ಅಷ್ಟನ್ನು ಕತ್ತರಿಸಿ ಅಚ್ಚು ಹಾಕಿಸಿಕೊಡುತ್ತೇನೆಂದೆ. ಮಗಳು ಒಪ್ಪಲಿಲ್ಲ. ಸಿಲಿಂಡರು, ಮಸಿಬಟ್ಟೆಯ ಸಮೇತ ಅದು ಈಗ ಸುರತ್ಕಲ್ಲಿನ ಗೋಡೆಯ ಮೇಲಿದೆ.