ಡಬ್ಬಿ ಕೂಗುತ್ತೆ ಸರಿ, ಲೆಕ್ಕ ಯಾರ ಹತ್ರ ಇದೆ?

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆ ಈಗ ಕ್ಯೂಆರ್ ಚೀಟಿ ಇಲ್ಲದ ಅಂಗಡಿಯನ್ನ ಹುಡುಕಬೇಕು. ಸಂತೆಯಲ್ಲಿ ಸೊಪ್ಪು ಮಾರುವವರ ಮಂಕರಿ ಪಕ್ಕದಲ್ಲೂ ಒಂದು ನಿಂತಿರುತ್ತೆ. "ನೋಡ್ರಪ್ಪಾ, ಹಳ್ಳಿಯೂ ಡಿಜಿಟಲ್ ಆಯ್ತು" ಅಂತ ನಮ್ಮ ಸಾಫ್ಟ್‌ವೇರ್ ಮಂದಿ ಬೆನ್ನು ತಟ್ಟಿಕೊಳ್ತಾರೆ. ನಾನೂ ಅದೇ ಗುಂಪಿನವನೇ ಬಿಡಿ :) ಖುಷಿ ನನಗೂ ಇದೆ. ಆದರೆ ಒಂದು ತಕರಾರೂ ಇದೆ.

ಮೊದಲು ಒಳ್ಳೇದು ಹೇಳಿಬಿಡ್ತೀನಿ. 2016ರಲ್ಲಿ ಯುಪಿಐ ಬರೋ ತನಕ ಕಾರ್ಡ್ ಉಜ್ಜುವ ಮೆಷಿನ್ನು ದೊಡ್ಡ ಅಂಗಡಿಯವರ ಸೊತ್ತು. ಅದಕ್ಕೆ ಬಾಡಿಗೆ ಬೇರೆ, ಕಮಿಷನ್ ಬೇರೆ. ಕ್ಯೂಆರ್‌ಗೆ ಬೇಕಾಗಿದ್ದು ಒಂದು ಅಚ್ಚು ಹಾಕಿದ ಕಾಗದ, ಅಷ್ಟೇ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯವರು ಕಾರಿನ ಬಿಡಿಭಾಗಗಳ ಲೆಕ್ಕ ಇಡೋಕೆ ಮಾಡಿದ ಚೌಕ ಇವತ್ತು ನಮ್ಮ ಎಳನೀರು ಗಾಡಿ ಮೇಲಿದೆ! 2020ರ ಜನವರಿಯಿಂದ ಖಾತೆಯಿಂದ ಖಾತೆಗೆ ಹೋಗುವ ಯುಪಿಐ ಹಣಕ್ಕೆ ಅಂಗಡಿಯವರಿಂದ ಕಮಿಷನ್ ಕೂಡ ಇಲ್ಲ. ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಜಾರಿಕೊಳ್ಳುವವರ ಕಾಟಕ್ಕೆ ಕನ್ನಡದಲ್ಲೇ ಕೂಗುವ ಡಬ್ಬಿ ಬಂತು. ಕೈಯಲ್ಲಿ ಎಣ್ಣೆ ಇದ್ದರೂ, ಓದೋಕೆ ಬರದಿದ್ದರೂ ದುಡ್ಡು ಬಂತಾ ಇಲ್ವಾ ಅಂತ ಗೊತ್ತಾಗುತ್ತೆ.

ಈಗ ತಕರಾರಿಗೆ ಬರೋಣ. ನಮ್ಮ ಕಡೆ ವ್ಯಾಪಾರ ನಡೆಯೋದು ದಿನದ ಲೆಕ್ಕದಲ್ಲಲ್ಲ, ಬೆಳೆಯ ಲೆಕ್ಕದಲ್ಲಿ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆ ಹೊಗೆಸೊಪ್ಪು, ಕೆ.ಆರ್.ನಗರದಲ್ಲಿ ಭತ್ತ. ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಬೇಲು ಹರಾಜಾಗಿ ಖಾತೆಗೆ ಹಣ ಬೀಳೋ ತನಕ ಅಂಗಡಿಯಲ್ಲಿ ನಡೆಯೋ ಮಾತು ಒಂದೇ: "ಬರ್ಕೊಳಣ್ಣ". "ಇಂದು ನಗದು ನಾಳೆ ಉದ್ರಿ" ಅಂತ ಬೋರ್ಡು ಹಾಕಿದವರೂ ಬರ್ಕೊಳ್ತಾರೆ! ಹರಾಜು ಶುರುವಾದ ಮೇಲೆ ಆರು ತಿಂಗಳ ಬಾಕಿ ಒಂದೇ ಏಟಿಗೆ ಬರುತ್ತೆ. ಮೊದಲು ನೋಟಿನ ಕಟ್ಟಾಗಿ ಬರ್ತಿತ್ತು, ಈಗ ಯುಪಿಐನಲ್ಲಿ. ಅದೇ ಖಾತೆಗೆ ಚೀಟಿ ದುಡ್ಡೂ ಬರುತ್ತೆ, ಭಾವಮೈದ ಕೊಟ್ಟ ಕೈಸಾಲವೂ ಬರುತ್ತೆ. ಎಷ್ಟೋ ಸಲ ಯಾರೋ ತುರ್ತಿಗೆ "ಅಣ್ಣ, ಫೋನಲ್ಲಿ ಹಾಕ್ತೀನಿ, ನೋಟು ಕೊಡಿ" ಅಂತ ಬಂದಿರ್ತಾರೆ, ಅದೂ ಸೇರಿಕೊಳ್ಳುತ್ತೆ. ಡಬ್ಬಿಗೆ ಇದ್ಯಾವುದರ ವ್ಯತ್ಯಾಸವೂ ಗೊತ್ತಿಲ್ಲ. ಅದಕ್ಕೆ ಎಲ್ಲವೂ "ಸ್ವೀಕರಿಸಲಾಗಿದೆ".

2025ರ ಜುಲೈನಲ್ಲಿ ಏನಾಯ್ತು ನೆನಪಿದೆ ತಾನೆ? ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ಈಚಿನ ಯುಪಿಐ ಲೆಕ್ಕ ತೆಗೆದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸ್ತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಅನ್ನೋದು ನಿಯಮ. ಆದರೆ ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೂ 29 ಲಕ್ಷದ ನೋಟಿಸ್ ಹೋಯ್ತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ! ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಹೋಗಿ "ನಗದು ಮಾತ್ರ" ಅನ್ನೋ ಚೀಟಿ ಬಂತು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳನ್ನ ಕರೆದು ಮಾತಾಡಿ, ನೋಂದಣಿ ಮಾಡಿಸಿದರೆ ಹಳೇ ಬಾಕಿ ವಸೂಲಿ ಮಾಡಲ್ಲ ಅಂದರು.

ತೆರಿಗೆ ಕಟ್ಟಬಾರದು ಅಂತ ನಾನು ಹೇಳ್ತಿಲ್ಲ. ವಹಿವಾಟು ಮಿತಿ ದಾಟಿದವರು ಕಟ್ಟಲೇಬೇಕು. ನನ್ನ ಪ್ರಶ್ನೆ ಬೇರೆ. ಆ ಅಂಗಡಿಯ ಲೆಕ್ಕವನ್ನ ಬ್ಯಾಂಕ್ ಓದುತ್ತೆ. ಡಬ್ಬಿ ಕೊಟ್ಟ ಕಂಪನಿ ಓದಿ "ನಿಮಗೆ ಸಾಲ ಬೇಕಾ" ಅಂತ ಮೆಸೇಜ್ ಕಳಿಸುತ್ತೆ. ಇಲಾಖೆಯೂ ಓದುತ್ತೆ. ಓದದೇ ಇರೋನು ಅಂಗಡಿಯವನೊಬ್ಬನೇ! ಅವನ ಪಾಲಿಗೆ ಬಂದಿದ್ದು ಬರೀ ಕೂಗು.

ಹಳೇ ಉದ್ರಿ ಪುಸ್ತಕ ಹಾಗಿರಲಿಲ್ಲ. ಬರೆದವನೂ ಅವನೇ, ಓದೋನೂ ಅವನೇ. ಯಾವುದು ಸಾಮಾನಿನ ದುಡ್ಡು, ಯಾವುದು ಕೈಸಾಲ ಅಂತ ಪಕ್ಕದಲ್ಲಿ ಗೀಚಿರ್ತಿದ್ದ.

ಪ್ರೋಗ್ರಾಂ ಬರೆಯೋನಾಗಿ ಹೇಳ್ತೀನಿ, ಇದನ್ನ ಸರಿಪಡಿಸೋದು ರಾಕೆಟ್ ವಿಜ್ಞಾನ ಅಲ್ಲ. ಬಂದ ಹಣದ ಪಕ್ಕ "ವ್ಯಾಪಾರ, ಹಳೇ ಬಾಕಿ, ಕೈಸಾಲ" ಅಂತ ಗುರುತು ಹಾಕೋಕೆ ಒಂದು ಗುಂಡಿ ಕೊಡಿ. ತಿಂಗಳಿಗೊಮ್ಮೆ ಕನ್ನಡದಲ್ಲಿ ಒಂದು ಪುಟದ ಲೆಕ್ಕ ಕೊಡಿ. ವರ್ಷದ ಮೊತ್ತ 30 ಲಕ್ಷ ಮುಟ್ಟಿದಾಗ ಅದೇ ಡಬ್ಬಿ "ಅಣ್ಣ, ಮಿತಿ ಹತ್ತಿರ ಬರ್ತಿದೆ" ಅಂತ ಒಂದು ಸಲ ಕೂಗಲಿ. ಐದು ರೂಪಾಯಿಯ ಟೀಗೆ ಕೂಗೋ ಡಬ್ಬಿ ಇಷ್ಟಕ್ಕೆ ಯಾಕೆ ಸುಮ್ಮನಿರಬೇಕು? ಅಲ್ಲಿಯ ತನಕ ನಮ್ಮೂರಿನವರಿಗೆ ನನ್ನ ಸಲಹೆ ಇಷ್ಟೇ: ಅಂಗಡಿಗೆ ಬೇರೆ ಖಾತೆ, ಮನೆಗೆ ಬೇರೆ ಖಾತೆ ಇಟ್ಕೊಳ್ಳಿ. ಉದ್ರಿ ಪುಸ್ತಕವನ್ನ ಮಾತ್ರ ರದ್ದಿಗೆ ಹಾಕಬೇಡಿ. ನೋಟಿಸ್ ಬಂದ ದಿನ ನಿಮ್ಮ ಪರವಾಗಿ ಮಾತಾಡೋದು ಅದೇ.

ನಿಮ್ಮೂರಿನ ಅಂಗಡಿಯವರು ಏನಂತಾರೆ? ಕೇಳಿ ನೋಡಿ, ಬರೆಯಿರಿ.