ಗಿಲ್ ಓಡಿಸಿದ್ದು ಮುಚ್ಚಿದ ರಸ್ತೆಯಲ್ಲಿ

ಚಾರ್ಮಾಡಿ ತಿರುವುಗಳಲ್ಲಿ ಬೈಕು, ಜೀಪು ಹಾರಿಸುವ ಹುಡುಗರು ನಮ್ಮಲ್ಲಿ ಕಡಿಮೆಯಿಲ್ಲ. ಅವರಲ್ಲಿ ಹಲವರಿಗೆ ಗೌರವ್ ಗಿಲ್ ಅಂದರೆ ಹೀರೊ.

ಹೆಸರು ದೊಡ್ಡದೇ. ದೆಹಲಿಯ ಗಿಲ್ 2013, 2016, 2017ರಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುರಸ್ತೆಯಲ್ಲೂ ಗೆದ್ದವರು. 2019ರಲ್ಲಿ ಮೋಟಾರ್ ಕ್ರೀಡೆಗೆ ಮೊದಲ ಅರ್ಜುನ ಪ್ರಶಸ್ತಿ ಅವರಿಗೇ ಘೋಷಣೆಯಾಯಿತು.

ಆದರೆ ಗಿಲ್ ಕಣ್ಣು ಮುಚ್ಚಿ ಓಡಿಸಿದವರಲ್ಲ. ದೇಶದ ರ್‍ಯಾಲಿಗಳಲ್ಲಿ ಹಲವು ವರ್ಷ ಅವರ ಪಕ್ಕ ಕೂತವರು ಕಾಸರಗೋಡಿನ ಮೂಸಾ ಶರೀಫ್. ಮೊದಲೇ ರಸ್ತೆ ನೋಡಿ ಬರೆದುಕೊಂಡ ಟಿಪ್ಪಣಿ ಓದುತ್ತಾ, ಮುಂದಿನ ತಿರುವು ಎಂಥದ್ದು ಅಂತ ಹೇಳುವುದು ಅವರ ಕೆಲಸ. ಎದುರಿಂದ ಯಾರೂ ಬಾರದಂತೆ ರಸ್ತೆ ಬಂದ್ ಮಾಡಿರುತ್ತಾರೆ.

ಇಷ್ಟಿದ್ದೂ, ಅದೇ 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾರ್ಮೇರ್ ಬಳಿ ರ್‍ಯಾಲಿ ನಡೆಯುತ್ತಿದ್ದಾಗ ಬೈಕೊಂದು ಆ ರಸ್ತೆಗೆ ಬಂತು. ಗಿಲ್ ಕಾರು ಡಿಕ್ಕಿಯಾಗಿ ಗಂಡ, ಹೆಂಡತಿ, ಮಗ ಮೂವರೂ ತೀರಿಕೊಂಡರು.

ಮುಚ್ಚಿದ ರಸ್ತೆಯಲ್ಲೇ ಹೀಗಾದರೆ, ಬಸ್ಸು ಓಡುವ, ಮೂಡಿಗೆರೆಯಿಂದ ಮಂಗಳೂರಿಗೆ ರೋಗಿಗಳನ್ನು ಒಯ್ಯುವ ಚಾರ್ಮಾಡಿಯಲ್ಲಿ ಏನಾದೀತು?

ತೋಟಗಳಲ್ಲಿ ರ್‍ಯಾಲಿ ಮಾಡುವವರಿಗೂ ಒಂದು ಮಾತು. ಯಾವ ರಸ್ತೆ, ಎಷ್ಟು ಹೊತ್ತು ಬಂದ್ ಅಂತ ಲೈನ್ ಮನೆಗಳಿಗೆ ಹೋಗಿ ಹೇಳಿ. ಪ್ರತಿ ಅಡ್ಡದಾರಿಯಲ್ಲೂ ಒಬ್ಬರನ್ನು ನಿಲ್ಲಿಸಿ. ಆ ದಾರಿಯಲ್ಲಿ ದಿನವೂ ಕೆಲಸಕ್ಕೆ ಹೋಗುವವರು ಅವರು.

ಗಿಲ್ ಮೇಲೆ ಅಭಿಮಾನ ಇರಲಿ. ವೇಗದ ಹುಚ್ಚಿರುವ ಹುಡುಗರು ಕಲಿತು, ಲೈಸೆನ್ಸ್ ಪಡೆದು ರ್‍ಯಾಲಿಗೇ ಇಳಿಯಲಿ. ಘಾಟಿ ರಸ್ತೆ ಎಲ್ಲರದು.