ಹಿಮದ ಗಡಿ, ದುಡಿಯುವವರ ಮಕ್ಕಳು

ದೇಶದ ಉತ್ತರ ತುದಿಯ ಕಾವಲು ಭೂಸೇನೆಯ ಉತ್ತರ ಕಮಾಂಡಿನದು. 1972ರಲ್ಲಿ ಸ್ಥಾಪಿತವಾದ ಈ ಕಮಾಂಡಿನ ಕೇಂದ್ರ ಉಧಂಪುರ. 1999ರ ಕಾರ್ಗಿಲ್ ಯುದ್ಧದ ತರುವಾಯ ಲಡಾಖಿನ ರಕ್ಷಣೆಗಾಗಿ ಲೇಹ್‌ನಲ್ಲಿ ಹದಿನಾಲ್ಕನೆಯ ಕೋರನ್ನು ಕಟ್ಟಿ ಅದರ ಅಧೀನದಲ್ಲಿಡಲಾಯಿತು. ಸಿಯಾಚಿನ್ ಹಿಮನದಿಯೂ ಈ ಕೋರಿನ ಹೊಣೆ. ಅಷ್ಟು ದೂರದ ವಿಚಾರ ಗಿರಣಿಯ ಕೆಲಸಗಾರನಿಗೂ ಸಂತೆಯ ವ್ಯಾಪಾರಿಗೂ ಯಾಕೆ ಎಂದು ಕೇಳುವವರುಂಟು. ಅವರು ಹಾಸನದ ಪಕ್ಕದ ತೇಜೂರನ್ನು ನೆನೆಯಲಿ.

2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಮ್ ಠಾಣೆಯ ಮೇಲೆ ಹಿಮ ಕುಸಿದು 19ನೇ ಮದ್ರಾಸ್ ಬೆಟಾಲಿಯನ್ನಿನ ಹತ್ತು ಮಂದಿ ಹೂತುಹೋದರು. ಠಾಣೆಯ ಎತ್ತರ ಸುಮಾರು 19,600 ಅಡಿ. ಆ ಹತ್ತರಲ್ಲಿ ಮೂವರು ಕನ್ನಡ ನಾಡಿನವರು: ತೇಜೂರಿನ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆಯ ಸಿಪಾಯಿ ಮಹೇಶ, ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ. ಆರು ದಿನಗಳ ಮೇಲೆ ಹಿಮ ಅಗೆದಾಗ ಹನುಮಂತಪ್ಪ ಒಬ್ಬರೇ ಜೀವಂತ ಸಿಕ್ಕರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರೂ ತೀರಿಕೊಂಡರು. ನಮ್ಮ ರುದ್ರಪಟ್ಟಣದ ಹೊಳೆದಂಡೆಯಲ್ಲಿ ಮಾಗಿಯ ಚಳಿಗೆ ಒಂದು ಕಂಬಳಿ ಸಾಕು. ಇಂಥ ಸೀಮೆಯ ಮಕ್ಕಳು ಕಾಯುತ್ತಿದ್ದದ್ದು ರಾತ್ರಿಯ ಚಳಿ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿಳಿಯುವ ಜಾಗವನ್ನು.

ಆ ದಿನಗಳಲ್ಲಿ ಹಾರ, ಕುಶಾಲತೋಪು, ಭಾಷಣ ಯಾವುದಕ್ಕೂ ಕೊರತೆಯಾಗಲಿಲ್ಲ. ಕೊರತೆಯಾಗಿದ್ದದ್ದು ಬೂಟಿಗೆ. 2020ರ ಫೆಬ್ರವರಿಯಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿಯನ್ನು ಓದುಗರು ಗಮನಿಸಬೇಕು. ಎತ್ತರದ ಠಾಣೆಗಳ ಸೈನಿಕರಿಗೆ ಬೂಟು, ಹಿಮದ ಕನ್ನಡಕಗಳ ಖರೀದಿ ತಡವಾಯಿತು, ಹಳೆಯ ಬೂಟುಗಳನ್ನೇ ರಿಪೇರಿ ಮಾಡಿ ಮತ್ತೆ ಕೊಡಲಾಯಿತು, ಸಿಗಬೇಕಾದ ಆಹಾರದ ಸತ್ವದಲ್ಲೂ ಕಡಿತವಾಯಿತು ಎಂದು ಅದು ಹೇಳಿತು. ಅದು ಹಳೆಯ ವರ್ಷಗಳ ಮಾತು, ಈಗ ಸಿದ್ಧತೆ ಚೆನ್ನಾಗಿದೆ ಎಂದು ಅಂದಿನ ಸೇನಾ ಮುಖ್ಯಸ್ಥ ಜನರಲ್ ನರವಣೆ ಉತ್ತರಿಸಿದರು. ಹಾಗೇ ಇರಲಿ ಎಂಬುದೇ ನಮ್ಮ ಆಸೆ. ಆದರೆ ವರದಿಯ ವರ್ಷಗಳು ಸೋನಮ್ ಕುಸಿದ ವರ್ಷಗಳೇ. ಗಿರಣಿಯಲ್ಲಿ ಕೈಗವಸು ಕೊಡದ ಮಾಲೀಕನ ಬಾಗಿಲಿಗೆ ಕಾರ್ಮಿಕ ಸಂಘವಾದರೂ ಹೋಗುತ್ತದೆ. ಸಿಪಾಯಿಗೆ ಸಂಘವಿಲ್ಲ, ಮುಷ್ಕರವಿಲ್ಲ. ಅವನ ಪರವಾಗಿ ಕೇಳಬೇಕಾದವರು ತೆರಿಗೆ ಕಟ್ಟುವ ನಾವು.

ಸಿಪಾಯಿಗಿಂತಲೂ ಮರೆತುಹೋದವರಿದ್ದಾರೆ. 2019ರ ನವೆಂಬರ್ 18ರಂದು ಅದೇ ಸಿಯಾಚಿನ್‌ನಲ್ಲಿ ನಾಲ್ವರು ಸೈನಿಕರ ಜೊತೆಗೆ ಹೊರೆ ಹೊರುವ ಇಬ್ಬರು ಕೂಲಿಗಳೂ ಸತ್ತರು. ದೊಡ್ಡವರ ಹೆಸರು ನಿಲ್ಲುವುದು, ದುಡಿದವರ ಹೆಸರು ಅಳಿಯುವುದು ಹೊಸತೇನಲ್ಲ. 1948ರ ನವೆಂಬರ್ 1ರಂದು ಕೊಡಗಿನ ತಿಮ್ಮಯ್ಯನವರು ಜೋಜಿಲಾ ಕಣಿವೆಗೆ ಟ್ಯಾಂಕು ಏರಿಸಿ ಲೇಹ್‌ನ ದಾರಿ ತೆರೆದರು. ಅದು ನಮ್ಮೆಲ್ಲರ ಹೆಮ್ಮೆ. ಆ ಟ್ಯಾಂಕುಗಳಿಗೆ ಬೆಟ್ಟ ಕಡಿದು ಹಾದಿ ಮಾಡಿದ ಮದ್ರಾಸ್ ಸ್ಯಾಪರ್ಸ್ ಪಡೆಯ ಸಿಪಾಯಿಗಳನ್ನು ಎಷ್ಟು ಜನ ಬಲ್ಲರು?

ಹಿಮಕ್ಕೆ ಬಾವುಟದ ಭೇದವಿಲ್ಲ. 2012ರ ಏಪ್ರಿಲ್ 7ರಂದು ಆಚೆ ಬದಿಯ ಗಯಾರಿಯಲ್ಲಿ 140 ಮಂದಿ ಪಾಕಿಸ್ತಾನಿಗಳು ಹಿಮದಡಿ ಸತ್ತರು. 2003ರ ನವೆಂಬರಿನ ಕದನವಿರಾಮದ ನಂತರ ಸಿಯಾಚಿನ್‌ನಲ್ಲಿ ಪ್ರಾಣ ತೆಗೆಯುತ್ತಿರುವುದು ಬಹುಮಟ್ಟಿಗೆ ಚಳಿ ಮತ್ತು ಹಿಮವೇ. ಗಡಿಯ ರಕ್ಷಣೆ ಬೇಡವೆನ್ನುವವರು ನಾವಲ್ಲ. ನಂಬಿಕೆಗೆ ಅರ್ಹವಾದ ಒಪ್ಪಂದವಾಗಿ ಎರಡೂ ಸೇನೆಗಳು ಆ ಎತ್ತರದಿಂದ ಇಳಿಯುವ ದಿನ ಬರಲಿ ಎಂದು ಬಯಸುವುದು ದೇಶದ್ರೋಹವೂ ಅಲ್ಲ.

ಆ ದಿನ ಬರುವವರೆಗೆ ನಮ್ಮ ಒತ್ತಾಯ ಇಷ್ಟು: ಎತ್ತರದ ಠಾಣೆಗಳ ಬೂಟು, ಬಟ್ಟೆ, ಆಹಾರದ ಲೆಕ್ಕ ಪ್ರತಿವರ್ಷ ಸಂಸತ್ತಿನ ಮುಂದೆ ಬರಲಿ. ಗಡಿಯಲ್ಲಿ ಸತ್ತ ಕೂಲಿಯ ಮನೆಗೂ ಸಿಪಾಯಿಯ ಮನೆಗೆ ಸಲ್ಲುವಷ್ಟೇ ಪರಿಹಾರ ಸಲ್ಲಲಿ. ಮತ ಕೇಳಲು ಬರುವ ಪ್ರತಿ ಅಭ್ಯರ್ಥಿಯನ್ನೂ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮತದಾರರು ಈ ಎರಡು ಮಾತು ಕೇಳದೆ ಬಿಡಬಾರದು.